ಚೀಲ ಒಂದೇ, ಒಳಗಿನ ಮಾಲು ಬೇರೆ

ಪ್ರಶ್ನೆ: ನಮ್ಮದು ಸಣ್ಣ ಕೇಬಲ್ ಚಾನೆಲ್. ಹಳೇ ಪ್ಲೇಔಟ್ ಸರ್ವರ್‌ನಿಂದ (ಕಾರ್ಯಕ್ರಮ ಪ್ರಸಾರ ಮಾಡುವ ಕಂಪ್ಯೂಟರ್) ಹೊಸದಕ್ಕೆ ಕ್ಲಿಪ್‌ಗಳನ್ನು ಕಾಪಿ ಮಾಡಿದೆವು. ಎಲ್ಲವೂ ಎಂಎಕ್ಸ್‌ಎಫ್ ಎಂಬ ವಿಡಿಯೋ ಫೈಲುಗಳೇ. ಆದರೂ ಕೆಲವಕ್ಕೆ ದನಿ ಇಲ್ಲ, ಕೆಲವು ಅರ್ಧಕ್ಕೇ ನಿಲ್ಲುತ್ತವೆ, ಕೆಲವನ್ನು ಹೊಸ ಸರ್ವರ್ ಮುಟ್ಟುವುದೇ ಇಲ್ಲ. ಹತ್ತು ನಿಮಿಷದ ಕಾರ್ಯಕ್ರಮ ಪೆನ್‌ಡ್ರೈವಿಗೂ ಹೋಗಲಿಲ್ಲ. ನೆಟ್‌ವರ್ಕ್ ಸರಿಯಿಲ್ಲ ಅನ್ನುತ್ತಾರೆ. ನಿಜವೇ?
– ಓದುಗರು, ಶಿವಮೊಗ್ಗ

ಉತ್ತರ: ನೆಟ್‌ವರ್ಕನ್ನು ಆಮೇಲೆ ಬೈಯೋಣ. ನಿಮ್ಮೂರಿನ ಅಡಿಕೆ ಮಂಡಿ ನೋಡಿದ್ದೀರಿ ಅಲ್ವಾ? ಹೊರಗಿನಿಂದ ಎಲ್ಲಾ ಚೀಲವೂ ಒಂದೇ. ಬಾಯಿ ಬಿಚ್ಚಿದರೆ ಒಂದರಲ್ಲಿ ರಾಶಿ, ಒಂದರಲ್ಲಿ ಬೆಟ್ಟೆ, ಇನ್ನೊಂದರಲ್ಲಿ ಗೊರಬಲು. (ತೀರ್ಥಹಳ್ಳಿ ಕಡೆಯವನು ನಾನು, ಬೇರೆ ಉದಾಹರಣೆ ಬಾಯಿಗೆ ಬರುವುದಿಲ್ಲ.) ಎಂಎಕ್ಸ್‌ಎಫ್ ಕೂಡ ಬರೀ ಚೀಲ. ಒಳಗೆ ಎಕ್ಸ್‌ಡಿಕ್ಯಾಮ್ ಇರಬಹುದು, ಡಿಎನ್‌ಎಕ್ಸ್‌ಎಚ್‌ಡಿ ಇರಬಹುದು; ಎರಡೂ ಬೇರೆ ಬೇರೆ ಬಗೆಯ ವಿಡಿಯೋ. ಹೊಸ ಸರ್ವರ್ ಮುಟ್ಟದ ಫೈಲನ್ನು ಮೀಡಿಯಾಇನ್ಫೋದಲ್ಲಿ ತೆರೆದು ನೋಡಿ. ಒಳಗೇನಿದೆ ಎಂದು ತೋರಿಸುವ ಸಾಫ್ಟ್‌ವೇರ್ ಅದು, ಪುಕ್ಕಟೆ ಸಿಗುತ್ತದೆ.

ದನಿ ಇಲ್ಲದ್ದಕ್ಕೆ ನನ್ನ ಅನುಮಾನ ಓಪಿ-ಆ್ಯಟಂ ಎಂಬ ಎಂಎಕ್ಸ್‌ಎಫ್ ಬಗೆಯ ಮೇಲೆ. ಆ ಬಗೆಯಲ್ಲಿ ಚಿತ್ರಕ್ಕೆ ಒಂದು ಫೈಲು, ಒಂದೊಂದು ಆಡಿಯೋ ಟ್ರ್ಯಾಕಿಗೂ ಬೇರೆ ಫೈಲು. ನೀವು ದೊಡ್ಡದನ್ನು ಮಾತ್ರ ತಂದಿರಬೇಕು. ಎಲ್ಲವನ್ನೂ ತಂದು, ಎಫ್‌ಎಫ್‌ಎಂಪೆಗ್ ಎಂಬ ಸಾಫ್ಟ್‌ವೇರಿನಿಂದ ಓಪಿ-1ಎ ಮಾಡಿ, ಅಂದರೆ ಒಂದೇ ಫೈಲಿಗೆ ತುಂಬಿ. ಇದು ಚೀಲ ಬದಲಿಸುವ ಕೆಲಸ, ಮಾಲಿಗೆ ಏನೂ ಆಗುವುದಿಲ್ಲ. ಸುಮ್ನೆ ಟ್ರಾನ್ಸ್‌ಕೋಡ್, ಅಂದರೆ ಮಾಲನ್ನೇ ಬದಲಿಸುವ ಕೆಲಸ, ಮಾಡಲು ಹೋಗಬೇಡಿ. ಹೊತ್ತೂ ಹಾಳು, ಚಿತ್ರವೂ ಹಾಳು.

ಈಗ ಪೆನ್‌ಡ್ರೈವ್. ನಿಮ್ಮದು ಸೆಕೆಂಡಿಗೆ 50 ಮೆಗಾಬಿಟ್‌ನ ಎಕ್ಸ್‌ಡಿಕ್ಯಾಮ್ ಆದರೆ ಹತ್ತು ನಿಮಿಷಕ್ಕೆ ಚಿತ್ರವೇ 3,750 ಎಂಬಿ. ಎಂಟು ಟ್ರ್ಯಾಕ್ 24 ಬಿಟ್ ಆಡಿಯೋ ಸೇರಿದರೆ ಸುಮಾರು 4,400. ಫ್ಯಾಟ್32 ಎಂಬ ಹಳೇ ಬಗೆಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ ಅಷ್ಟು ದೊಡ್ಡ ಫೈಲನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎಕ್ಸ್‌ಫ್ಯಾಟ್ ಬಗೆಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಅದೇ ಫೈಲು ಗಿಗಾಬಿಟ್ ಸ್ವಿಚ್‌ನಲ್ಲಿ ಮುಕ್ಕಾಲು ನಿಮಿಷಕ್ಕೆ ದಾಟುತ್ತದೆ, ಹಳೇ 100 ಮೆಗಾಬಿಟ್ ಸ್ವಿಚ್ ಇದ್ದರೆ ಆರು ನಿಮಿಷ. ನೆಟ್‌ವರ್ಕಿನ ತಪ್ಪು ಇಷ್ಟೇ, ನಿಧಾನ.

ಅರ್ಧಕ್ಕೇ ನಿಲ್ಲುವುದು ನಾನೇ ಅನುಭವಿಸಿದ್ದು. ಒಂದು ಮಳೆಗಾಲ, ನಾನಿದ್ದ ಚಾನೆಲ್‌ಗೆ ಜೋಗದ ಕ್ಲಿಪ್ ಬರುತ್ತಿತ್ತು. ಫೈಲು ಇನ್ನೂ ಬರುತ್ತಿರುವಾಗಲೇ ಸರ್ವರ್ ಅದನ್ನು ಎತ್ತಿಕೊಂಡು ಪ್ಲೇಲಿಸ್ಟಿಗೆ ಸೇರಿಸಿತು. ಏರ್‌ನಲ್ಲಿ ರಾಣಿ, ರೋರರ್, ರಾಕೆಟ್ ಮುಗಿದವು. ಕ್ಯಾಮೆರಾ ರಾಜಾ ಕಡೆ ತಿರುಗಿದ್ದೇ ತಡ, ನೀರು ಗಾಳಿಯಲ್ಲೇ ನಿಂತುಬಿಟ್ಟಿತು. ಫೋನ್ ಮೇಲೆ ಫೋನ್. ಅಂದಿನಿಂದ ಕಾಪಿ ಆಗುವಾಗ ಫೈಲಿಗೆ ‘.ಟಿಎಂಪಿ’ ಬಾಲ ಹಚ್ಚಿ (ಆ ಬಾಲ ಇದ್ದರೆ ಸರ್ವರ್ ಎತ್ತಿಕೊಳ್ಳುತ್ತಿರಲಿಲ್ಲ), ಪೂರ್ತಿ ಬಂದ ಮೇಲೆ ಹೆಸರು ಬದಲಿಸುತ್ತಿದ್ದೆವು. ಎರಡೂ ಕಡೆಯ ಎಂಡಿ5, ಅಂದರೆ ಫೈಲಿನ ಒಳಗಿನದನ್ನು ಲೆಕ್ಕ ಹಾಕಿ ಬರುವ ಗುರುತು ಸಂಖ್ಯೆ, ತಾಳೆ ನೋಡುತ್ತಿದ್ದೆವು. ಫೈಲಿನ ಕೊನೆಯ ಹತ್ತು ಸೆಕೆಂಡನ್ನಂತೂ ಕಣ್ಣಾರೆ ನೋಡಲೇಬೇಕು.

ಅಷ್ಟಾಗುವ ತನಕ ಹಳೇ ಸರ್ವರ್ ಗುಜರಿಗೆ ಕೊಡಬೇಡಿ.