5 ನಿಮಿಷಕ್ಕೊಂದ್ಸಲ ಓಡೋ ಟಾಸ್ಕು ಜಾರೋದು, ಸತ್ತೋಗೋದು

ತೀರ್ಥಹಳ್ಳಿ ತೋಟದಲ್ಲಿ ಮಳೆ ಮಾಪಕ ಇಟ್ಟು, ಪೈಥಾನ್ ಅಸಿಂಕ್‌ಐಓದಲ್ಲಿ (ಒಂದೇ ಪ್ರೋಗ್ರಾಮಲ್ಲಿ ಹಲವು ಕೆಲ್ಸ, ಅಂದ್ರೆ ಟಾಸ್ಕುಗಳನ್ನ, ಸರದಿ ಮೇಲೆ ಓಡ್ಸೋ ಲೈಬ್ರರಿ) 5 ನಿಮಿಷಕ್ಕೊಂದ್ಸಲ ಓದೋ ಹಾಗೆ ಬರ್ದಿದೀನಿ, ದಿನಾ ಟೈಮು ಹಿಂದೆ ಬೀಳತ್ತೆ, ಒಂದೊಂದ್ಸಲ ಎರರ್ರೂ ಕೊಡ್ದೆ ನಿಂತೋಗತ್ತೆ ಅಂತ ಕೇಳಿದೀರಿ. ಇವೆರಡೂ ಬೇರೆ ಬೇರೆ ರೋಗ ಮಾರಾಯ್ರೆ.

ಜಾರೋದು ಸುಲಭದ್ದು. ಮಾಪಕ ಓದಿ ಸರ್ವರಿಗೆ ಕಳ್ಸೋಕೆ 4 ಸೆಕೆಂಡ್ ಹಿಡೀತು ಅನ್ನಿ, ಆಮೇಲೆ 300 ಸೆಕೆಂಡ್ ಸ್ಲೀಪ್, ಅಂದ್ರೆ ಸುಮ್ನೆ ಕಾಯೋದು, ಅಲ್ಲಿಗೆ ಒಂದು ಸುತ್ತು 304 ಸೆಕೆಂಡ್ ಆಯ್ತು, ದಿನಕ್ಕೆ ಹತ್ಹತ್ರ 19 ನಿಮಿಷ ಹೋಯ್ತು. ಮುಂದಿನ ಗಡುವನ್ನ ಒಂದು ವೇರಿಯಬಲ್ಲಲ್ಲಿ ಇಟ್ಕೊಂಡು ಪ್ರತಿ ಸುತ್ತಿಗೂ ಅದಕ್ಕೇ 300 ಕೂಡ್ಸಿ, ಅದ್ರಲ್ಲಿ ಈಗಿನ ಲೂಪ್ ಟೈಮ್ (ಟಾಸ್ಕುಗಳನ್ನ ಓಡ್ಸೋ ಈವೆಂಟ್ ಲೂಪಿನ ಸ್ವಂತ ಗಡಿಯಾರ) ಕಳೆದು ಉಳಿದಷ್ಟು ಮಾತ್ರ ಸ್ಲೀಪ್ ಮಾಡ್ಸಿ. ಗೋಡೆ ಗಡಿಯಾರದ ಟೈಮ್, ಅಂದ್ರೆ ಕಂಪ್ಯೂಟರ್ ತೋರ್ಸೋ ತಾರೀಖು-ಗಂಟೆ, ಇದಕ್ಕೆ ಬೇಡ, ಯಾಕಂದ್ರೆ ಆಷಾಢದಲ್ಲಿ ನಮ್ಕಡೆ ಕರೆಂಟ್ ಕಥೆ ಗೊತ್ತಲ್ಲ, ರಾಸ್ಪ್‌ಬೆರಿ ಪೈ 4 ಥರದ ಪುಟ್ಟ ಕಂಪ್ಯೂಟರಲ್ಲಿ ಬ್ಯಾಟರಿ ಗಡಿಯಾರ ಇರಲ್ಲ, ಆನ್ ಆದ್ಮೇಲೆ ಹಳೇ ಟೈಮಲ್ಲೇ ಇದ್ದು ನೆಟ್ ಸಿಕ್ಕಿದ ತಕ್ಷಣ ಒಂದೇ ಸಲ ಮುಂದಕ್ಕೆ ಹಾರತ್ತೆ. ಲೂಪ್ ಟೈಮ್ ಮಾನೋಟಾನಿಕ್, ಅಂದ್ರೆ ಯಾವತ್ತೂ ಹಿಂದಕ್ಕೆ ಹೋಗಲ್ಲ, ತಾರೀಖು-ಗಂಟೆ ತಿದ್ದಿದ್ರೂ ಅದು ಹಾರಲ್ಲ.

ನೆಟ್ ತೊಡರಿಕೊಂಡು 20 ನಿಮಿಷ ಹೋದ್ರೆ? ತಪ್ಪಿದ ಗಡುವೆಲ್ಲ ಹಿಂದಿಂದೆ ಓಡ್ಸೋಕೆ ಹೋಗ್ಬೇಡಿ, ಈಗಿನ ಟೈಮಿಗಿಂತ ಮುಂದಿರೋ ಗಡುವಿಗೆ ಸೀದಾ ಜಿಗಿಸಿ. ನಿಮ್ದು ಟಿಪ್ಪಿಂಗ್ ಬಕೆಟ್ ಮಾಪಕ (ನೀರು ತುಂಬ್ದಾಗ ಮಗುಚೋ ಪುಟ್ಟ ಬಟ್ಟಲು ಇರೋದು) ಆಗಿದ್ದು, ಮಗುಚಿದ್ದನ್ನ ಎಣಿಸೋ ಕೌಂಟರ್ ಬೇರೆ ಇದ್ರೆ, ನೀವು ಓದ್ಲಿ ಬಿಡ್ಲಿ ಅದು ಕೂಡ್ತಾ ಹೋಗತ್ತೆ, ಓದೋದು ತಪ್ಪಿದ್ರೂ ಮಗುಚಿದ ಲೆಕ್ಕ ತಪ್ಪಲ್ಲ.

ಸದ್ದಿಲ್ದೆ ನಿಲ್ಲೋದೇ ಕಿರಿಕಿರಿ. ನನ್ನ ಮೊದಲ ಅನುಮಾನ ಟೈಮ್‌ಔಟ್ (ಇಷ್ಟು ಹೊತ್ತಾದ್ಮೇಲೆ ಬಿಟ್ಬಿಡು ಅನ್ನೋ ಮಿತಿ) ಇಲ್ದಿರೋ ಅವೇಟ್, ಅಂದ್ರೆ ಉತ್ತರಕ್ಕೆ ಕಾಯೋ ಸಾಲಿನ ಮೇಲೆ, ಆ ಕಡೆಯಿಂದ ಉತ್ತರ ಬರ್ಲಿಲ್ಲ ಅಂದ್ರೆ ಅದು ಕಾಯ್ತಾನೇ ಇರತ್ತೆ, ಪೈಥಾನ್ 3.11ರಿಂದ ಅಸಿಂಕ್‌ಐಓದಲ್ಲೇ ಟೈಮ್‌ಔಟ್ ಬ್ಲಾಕ್ ಇದೆ, 30 ಸೆಕೆಂಡ್ ಹಾಕಿ. ಎರಡನೇದು, ಕ್ರಿಯೇಟ್ ಟಾಸ್ಕ್ ಕೊಟ್ಟ ಟಾಸ್ಕನ್ನ ನೀವು ಯಾವ ವೇರಿಯಬಲ್ಲಲ್ಲೂ ಹಿಡಿದಿಟ್ಕೊಂಡಿಲ್ಲ ಅಂದ್ರೆ ಈವೆಂಟ್ ಲೂಪ್ ಹತ್ರ ಇರೋದು ವೀಕ್ ರೆಫರೆನ್ಸ್ (ಅದನ್ನ ಉಳಿಸೋಕೆ ಸಾಲದ ಸಡಿಲ ಹಿಡಿತ) ಮಾತ್ರ, ಬೇಡದ ಮೆಮೊರಿ ಗುಡಿಸೋ ಗಾರ್ಬೇಜ್ ಕಲೆಕ್ಟರ್ ನಡುವಲ್ಲೇ ಎತ್ಕೊಂಡು ಹೋಗ್ಬಹುದು. ಹಿಡಿದಿಟ್ರೂ ಒಳಗೆ ಎಕ್ಸೆಪ್ಷನ್ (ಎರರ್) ಎದ್ರೆ ಯಾರೂ ಅವೇಟ್ ಮಾಡ್ದೆ ಇದ್ದಾಗ ಅದು ಒಳಗೇ ಕೂತಿರತ್ತೆ. ಅದಕ್ಕೇ ಲೂಪಿನ ಒಳಗಡೆನೇ ಟ್ರೈ ಹಾಕಿ, ಎಕ್ಸೆಪ್ಷನ್ ಹಿಡಿದು ಲಾಗ್ ಬರೀರಿ. ಯಾವ ಎರರ್ ಅಂತ ಹೇಳ್ದೆ ಬರೀ ಎಕ್ಸೆಪ್ಟ್ ಅಂತ ಬಿಡ್ಬೇಡಿ, ಅದು ಕ್ಯಾನ್ಸಲ್ಲನ್ನೂ ನುಂಗತ್ತೆ, ಆಗ ಟಾಸ್ಕನ್ನ ಕ್ಯಾನ್ಸಲ್ ಮಾಡಿದ್ರೂ ನಿಲ್ದೆ ಓಡ್ತಿರತ್ತೆ.

ಟೈಮಿಗೆ ಸರಿಯಾಗಿ ಕೆಲ್ಸ ಓಡ್ಸೋ ಶೆಡ್ಯೂಲರ್ ಲೈಬ್ರರಿ ಒಂದು ಮಾಪಕಕ್ಕೆ ದಂಡ. ಹವಾಮಾನ ಇಲಾಖೆಯವ್ರ ಹಾಗೆ ಬೆಳಿಗ್ಗೆ 8.30ಕ್ಕೆ ದಿನದ ಮಳೆ ಲೆಕ್ಕ ಮುಗಿಸ್ಬೇಕು ಅಂದ್ರೆ ಮಾತ್ರ ಗೋಡೆ ಗಡಿಯಾರ ಬೇಕು, ಅದನ್ನ ಈ ಲೂಪಿಗೆ ತುರುಕದೆ, ಲಿನಕ್ಸಲ್ಲಿ ಹೇಳಿದ ಗಂಟೆಗೆ ಕೆಲ್ಸ ಓಡ್ಸೋ ಕ್ರಾನಿಗೆ ಕೊಟ್ಬಿಡಿ.