ಎರಡನೇ ಮಹಾಯುದ್ಧದ ಟಿ-34 ಟ್ಯಾಂಕ್ ನಿಜಕ್ಕೂ ಅಷ್ಟು ಚೆನ್ನಾಗಿತ್ತಾ?

ಚೆನ್ನಾಗಿತ್ತು. ಆದರೆ ಒಳಗೆ ಕೂತವರನ್ನು ಕೇಳಿದ್ದರೆ ಉತ್ತರ ಸ್ವಲ್ಪ ಬೇರೆಯೇ ಬರುತ್ತಿತ್ತೇನೋ.

ಸೋವಿಯತ್ ಒಕ್ಕೂಟದ ಖಾರ್ಕಿವ್‌ನಲ್ಲಿ ಮಿಖಾಯಿಲ್ ಕೋಶ್ಕಿನ್ ತಂಡ ರೂಪಿಸಿದ ಈ ಮಧ್ಯಮ ಟ್ಯಾಂಕ್‌ನ ತಯಾರಿಕೆ 1940ರಲ್ಲಿ ಶುರುವಾಯಿತು. ಜಾಣತನ ಇರುವುದು ಅದರ ಓರೆ ಮೈಯಲ್ಲಿ. ಮುಂದಿನ ಉಕ್ಕಿನ ತಗಡು ಬರೀ 45 ಮಿಲಿಮೀಟರ್ ದಪ್ಪ. ಆದರೆ ಅದನ್ನು ನೆಟ್ಟಗೆ ನಿಲ್ಲಿಸದೆ 60 ಡಿಗ್ರಿ ಹಿಂದಕ್ಕೆ ಬಾಗಿಸಿದ್ದರು. ಹಾಗಾಗಿ ಅಡ್ಡಲಾಗಿ ಬರುವ ಗುಂಡು ಸುಮಾರು 90 ಮಿಲಿಮೀಟರ್ ಉಕ್ಕನ್ನು ಕೊರೆಯಬೇಕು. ಎಷ್ಟೋ ಸಲ ಕೊರೆಯದೆ ಜಾರಿ ಹೋಗುತ್ತಿತ್ತು. ಇದೇನು ಪುಕ್ಕಟೆ ಲಾಭ ಅಲ್ಲ, ಗೋಡೆಗಳು ಒಳಕ್ಕೆ ವಾಲಿದಷ್ಟೂ ಕೂರುವ ಜಾಗ ಕಮ್ಮಿ.

500 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಇತ್ತು. ಚೈನುಗಳು ಅಗಲವಾಗಿದ್ದರಿಂದ ಭಾರ ಹರಡಿಕೊಂಡು, ಕೆಸರು, ಹಿಮದಲ್ಲಿ ಜಾಸ್ತಿ ಹೂತುಕೊಳ್ಳುತ್ತಿರಲಿಲ್ಲ. 76.2 ಮಿಲಿಮೀಟರ್ ತೋಪು 1941ರ ಜರ್ಮನ್ ಟ್ಯಾಂಕ್‌ಗಳಿಗೆ ಸಾಕಾಗಿತ್ತು.

ತೊಂದರೆ ಇದ್ದದ್ದು ಮೇಲೆ ತಿರುಗುವ ಗೋಪುರದಲ್ಲಿ. ಅಲ್ಲಿ ಇಬ್ಬರಿಗಷ್ಟೇ ಜಾಗ. ಒಬ್ಬ ಮದ್ದುಗುಂಡು ತುಂಬಿದರೆ ಕಮಾಂಡರನೇ ಗುರಿ ಇಟ್ಟು ಹೊಡೆಯಬೇಕು. ಕಣ್ಣು ದೂರದರ್ಶಕದಲ್ಲಿದ್ದಾಗ ಪಕ್ಕದಿಂದ ಯಾರು ಬರುತ್ತಿದ್ದಾರೆ ಅಂತ ನೋಡೋದ್ಯಾರು? ಮೊದಮೊದಲು ಎಲ್ಲ ಟ್ಯಾಂಕ್‌ಗಳಲ್ಲಿ ರೇಡಿಯೋ ಕೂಡ ಇರಲಿಲ್ಲ. ಬಾವುಟದ ಸನ್ನೆ ನೋಡಿಕೊಂಡು ಓಡಿಸಬೇಕಿತ್ತು. ಗೇರ್ ಹಾಕುವುದಂತೂ ತೋಳಿಗೆ ಕಸರತ್ತು. ನನ್ನ ಲೆಕ್ಕದಲ್ಲಿ ತೋಪಿನ ಗಾತ್ರಕ್ಕಿಂತ ಈ ಇಬ್ಬರ ಗೋಪುರವೇ ದೊಡ್ಡ ಕೊರತೆ.

1944ರಲ್ಲಿ ಬಂದ ಟಿ-34-85ರಲ್ಲಿ 85 ಮಿಲಿಮೀಟರ್ ತೋಪಿನ ಜೊತೆಗೆ ಮೂವರು ಕೂರುವ ಗೋಪುರ ಬಂತು. ಗುರಿ ಇಡುವ ಕೆಲಸ ಬೇರೆಯವನಿಗೆ ಹೋಗಿ, ಕಮಾಂಡರ್ ಸುತ್ತಲೂ ನೋಡಿ ಆದೇಶ ಕೊಡುವಂತಾಯಿತು.