ಆನೆಮರಿ ಅನ್ನೋದು ಕುಶಲ ವಿಚಾರಣೆಯಾ?

ಬೆಂಗಳೂರಿನ ವಿಜಯನಗರದ ಓದುಗಿಯೊಬ್ಬರು, ದಪ್ಪಗಿರುವುದಕ್ಕೆ ತಾವು ಕೇಳಬೇಕಾದ ಮಾತುಗಳನ್ನು ಮೂರು ಹಾಳೆ ತುಂಬ ಬರೆದಿದ್ದಾರೆ. ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲಿ ಇವರು ಬಾಯಿ ಬಿಡುವ ಮೊದಲೇ ‘ನಿಮ್ಮ ಸೈಜ್ ಇಲ್ಲ ಮೇಡಂ’ ಅಂದರಂತೆ. ಶೇರ್ ಆಟೋದವನು ಇಬ್ಬರ ದುಡ್ಡು ಕೇಳಿದನಂತೆ. ಇಂಟರ್‌ವ್ಯೂ ಒಂದರಲ್ಲಿ ‘ರಿಸೆಪ್ಷನ್‌ಗೆ ನೀವು ಸೂಟ್ ಆಗಲ್ಲ’ ಅಂದರಂತೆ. ಕೊನೆಗೆ, ‘ಇದಕ್ಕೆ ಕಾನೂನು ಇಲ್ವಾ ಸರ್? ತಪ್ಪು ನನ್ನದೂ ಇರಬಹುದು’ ಎಂದು ಮುಗಿಸಿದ್ದಾರೆ.

ಆ ಕೊನೆಯ ಸಾಲಿಗೆ ಮೊದಲು ಗದರಿಬಿಡುತ್ತೇನೆ ತಾಯಿ. ಅಂಗಡಿಯವನ ಒರಟುತನ ನಿಮ್ಮ ತಪ್ಪು ಹೇಗಾಗುತ್ತದೆ?

ಡಾಕ್ಟರ್‌ಗಳ ಮಾತೂ ಇದೆ. ಶುಗರ್, ಬಿಪಿ, ಮಂಡಿ ನೋವು ಎಲ್ಲ ನಿಜ. ಒಪ್ಪಿದೆ. ಆದರೆ ನನ್ನ ಗೆಳೆಯನೊಬ್ಬ ಕಿವಿ ನೋವು ಅಂತ ಹೋದರೆ, ಡಾಕ್ಟರು ಕಿವಿಯೊಳಗೆ ನೋಡದೆ ‘ಹತ್ತು ಕೆಜಿ ಇಳಿಸಿ’ ಅಂದರು. ಇನ್ನೊಬ್ಬರ ಹತ್ತಿರ ಹೋದಾಗ ಸಿಕ್ಕಿದ್ದು ಕಡಲೆಕಾಳಿನಷ್ಟು ಗುಗ್ಗೆ! ತೂಕ ಏರಲು ಥೈರಾಯ್ಡ್, ಅಂಡಾಶಯದ ಪಿಸಿಓಡಿ ತೊಂದರೆ, ಸ್ಟೀರಾಯ್ಡ್ ಮಾತ್ರೆಯೂ ಕಾರಣವಾಗಬಹುದು. ನೋಡುವವರಿಗೆ ಕಾಣುವುದು ಮಾತ್ರ ಬಜ್ಜಿ ಬೋಂಡ.

ಮಾತೆತ್ತಿದರೆ ಬಿಎಂಐ, ಅಂದರೆ ಎತ್ತರಕ್ಕೆ ತೂಕ ತಾಳೆ ಹಾಕುವ ಲೆಕ್ಕ, ಅನ್ನುತ್ತಾರಲ್ಲ, ಆ ಲೆಕ್ಕ ಹಾಕಿಕೊಟ್ಟ ಬೆಲ್ಜಿಯಂನ ಕೆಟ್ಲೆ ವೈದ್ಯನೇ ಅಲ್ಲ. ನಕ್ಷತ್ರ ಮತ್ತು ಅಂಕಿಸಂಖ್ಯೆಯ ಮನುಷ್ಯ. 1830ರ ದಶಕದಲ್ಲಿ ಅವನು ಹುಡುಕುತ್ತಿದ್ದದ್ದು ‘ಸರಾಸರಿ ಮನುಷ್ಯ’ನನ್ನು. ಬಿಎಂಐ ಅನ್ನುವ ಹೆಸರು ಬಂದದ್ದೇ 1972ರಲ್ಲಿ. ಬೊಜ್ಜಿನ ಗೆರೆ ಬೇರೆ ಕಡೆ 30 ಆದರೆ, ನಮ್ಮ ವೈದ್ಯರು ಭಾರತೀಯರಿಗೆ 25ಕ್ಕೇ ಎಳೆದಿದ್ದಾರೆ. ಅದಕ್ಕೂ ಕಾರಣವಿದೆ, ಬಿಡಿ. ಆದರೆ ಅದು ಕ್ಲಿನಿಕ್ಕಿನ ಲೆಕ್ಕ. ರಿಸೆಪ್ಷನ್ ಕುರ್ಚಿಗೆ ಯಾಕೆ?

ಇನ್ನು ಕಾನೂನು. ಭೇದಭಾವ ಮಾಡಬಾರದು ಅನ್ನುವ ನಮ್ಮ ಸಂವಿಧಾನದ 15ನೇ ವಿಧಿಯ ಪಟ್ಟಿಯಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಜಾಗ ಇವೆ. ತೂಕ ಇಲ್ಲ. ಅಮೆರಿಕದ ಮಿಷಿಗನ್ ರಾಜ್ಯ 1976ರಲ್ಲೇ ತನ್ನ ಇಂಥ ಕಾನೂನಿಗೆ ತೂಕವನ್ನು ಸೇರಿಸಿತು, ನ್ಯೂಯಾರ್ಕ್ ನಗರ 2023ರಲ್ಲಿ. ನಮ್ಮಲ್ಲಿ ಏರ್ ಇಂಡಿಯಾ 2009ರಲ್ಲಿ ತೂಕ ಜಾಸ್ತಿ ಅಂತ ಗಗನಸಖಿಯರನ್ನು ಕೆಲಸದಿಂದಲೇ ತೆಗೆದಿತ್ತು.

ಕಾನೂನಿಗಿಂತ ನನಗೆ ಉರಿಯುವುದು ನಮ್ಮ ಮಾತು. ಮದುವೆ ಮನೆಯಲ್ಲಿ ಎರಡು ವರ್ಷದ ಮೇಲೆ ಸಿಕ್ಕವರು ‘ಚೆನ್ನಾಗಿದ್ದೀಯಾ’ ಅನ್ನಲ್ಲ, ‘ಏನೇ, ಆನೆಮರಿ ಆಗಿದ್ದೀಯ’ ಅಂತಾರೆ. ‘ಕಾಳಜಿಯಿಂದ ಹೇಳಿದ್ದಮ್ಮ’ ಅಂತ ಬಾಲಂಗೋಚಿ ಬೇರೆ. ಅದೇ ಜನ ಬಸವನಗುಡಿಯ ದೊಡ್ಡ ಗಣಪನ ಬೆಣ್ಣೆ ಅಲಂಕಾರದ ಮುಂದೆ ಕೈ ಮುಗಿದು ನಿಲ್ಲುತ್ತಾರೆ, ಡೊಳ್ಳು ಹೊಟ್ಟೆ ಕಂಡು ಪುಳಕಗೊಳ್ಳುತ್ತಾರೆ. ಮೂರ್ತಿಗಾದರೆ ಬೆಣ್ಣೆ, ಪಕ್ಕದ ಮನೆ ಹುಡುಗಿಗೆ ಚುಚ್ಚು ಮಾತು.

‘ವಾಕಿಂಗ್ ಮಾಡಿ’ ಅನ್ನೋದು ಇನ್ನೊಂದು. ಎಲ್ಲಿ ಸ್ವಾಮಿ? ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್, ಬೈಕು, ಮರಳಿನ ಗುಡ್ಡೆ, ಬಾಯಿ ತೆರೆದ ಚರಂಡಿ. ಲಾಲ್‌ಬಾಗ್‌ನ 240 ಎಕರೆ ಎಲ್ಲರ ಮನೆ ಪಕ್ಕದಲ್ಲಿಲ್ಲ. ನಡೆಯಲು ಜಾಗ ಕೊಡದ ಊರು ನಡೆಯಲಿಲ್ಲ ಅಂತ ಬೈಯುತ್ತದೆ!

ನಿಮ್ಮ ಕಾಗದದಲ್ಲಿ ನನಗೆ ಹಿಡಿಸಿದ್ದು ಒಂದು ಸಾಲು. ಆಟೋದವನಿಗೆ ನೀವು ಒಬ್ಬರ ದುಡ್ಡೇ ಕೊಟ್ಟು ಇಳಿದಿರಿ ಅಂದಿರಲ್ಲ. ಮೂವರ ಆಟೋದಲ್ಲಿ ಆರು ಜನರನ್ನು ತುಂಬಿಕೊಂಡವನು, ಅಂದು ಮಾತ್ರ ಸೀಟಿನ ಅಳತೆ ನೆನಪಿಸಿಕೊಂಡಿದ್ದ.